ಪಿಯುಸಿ ಆದ ಮೇಲೆ ಹೆಲ್ತ್ ಪ್ರಮೋಷನ್ ಓದುವುದು ಹೇಗೆ?

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದ ವಾರ ಮನೆಗಳಲ್ಲಿ ಆರೋಗ್ಯ ಅಂದರೆ ಎಂಬಿಬಿಎಸ್, ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನೀಷಿಯನ್, ಇಷ್ಟೇ. ಜನರಿಗೆ ಕಾಯಿಲೆ ಬರದ ಹಾಗೆ ನೋಡಿಕೊಳ್ಳುವುದನ್ನೇ ಮೂರು ನಾಲ್ಕು ವರ್ಷ ಕೂತು ಓದಬಹುದು ಅನ್ನುವುದು ಬಹಳ ಮಂದಿಗೆ ಗೊತ್ತಿಲ್ಲ. ಆ ಓದಿಗೆ ಹೆಲ್ತ್ ಪ್ರಮೋಷನ್ ಅನ್ನುತ್ತಾರೆ. ಡಿಗ್ರಿಯಲ್ಲಿ ಅದನ್ನು ಹಿಡಿಯಬೇಕು ಅಂದುಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೋರ್ಸ್ ಆರಿಸುವುದರಿಂದ ಶುರು ಮಾಡಿ, ಫೀಲ್ಡ್, ಪ್ರಾಜೆಕ್ಟ್, ಮುಂದಿನ ಓದಿನ ತನಕ ಒಂದೊಂದಾಗಿ ಹೇಳುತ್ತೇನೆ. ಫೀಲ್ಡ್ ಬಗ್ಗೆ ಮಾತ್ರ ಜಾಸ್ತಿ ಹೇಳುತ್ತೇನೆ. ಈ ಓದು ದಕ್ಕುವುದೂ ಕೈತಪ್ಪುವುದೂ ಅಲ್ಲೇ.

ಹೆಜ್ಜೆ 1: ಇದು ಏನು ಅಂತ ಮೊದಲು ತಿಳಿದುಕೊಳ್ಳಿ

ಮಲೆನಾಡಿನ ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಈ ವೈರಸ್ ಪತ್ತೆಯಾಯಿತು. ಹರಡುವುದು ಉಣುಗಿನಿಂದ. ಚಳಿಗಾಲ ಶುರುವಾದರೆ ಮಳೆ ಬರುವ ತನಕ ಇದರ ಕಾಟ. ಹಳೇ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹಾಗಾಗಿ ಕಾಡಿಗೆ ಹೋಗುವ ಮುಂಚೆ ಮೈಗೆ ಉಣುಗನ್ನು ದೂರ ಇಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ಎಣ್ಣೆಯನ್ನು ಬಿಟ್ಟಿಯಾಗಿ ಕೊಡುತ್ತದೆ.

ಜ್ವರ ಬಂದವರನ್ನು ಡಾಕ್ಟರ್ ನೋಡುತ್ತಾರೆ. ರಕ್ತವನ್ನು ಲ್ಯಾಬಿನವರು ಪರೀಕ್ಷೆ ಮಾಡುತ್ತಾರೆ. ಹೆಲ್ತ್ ಪ್ರಮೋಷನ್ ಓದಿದವರು ಕೇಳುವುದು ಬೇರೆ ಪ್ರಶ್ನೆ. ಎಣ್ಣೆಯ ಬಾಟಲಿ ಮನೆಯ ಗೂಡಿನಲ್ಲಿದ್ದರೂ ಈ ಹೆಂಗಸು ಹಚ್ಚಿಕೊಳ್ಳದೆ ಕಾಡಿಗೆ ಹೋಗುವುದು ಯಾಕೆ? ಜಿಡ್ಡು ಅನ್ನಿಸುತ್ತದಾ? ಬೆಳಿಗ್ಗೆಯ ಗಡಿಬಿಡಿಯಲ್ಲಿ ಮರೆಯುತ್ತದಾ? ಹಚ್ಚಿಕೊಂಡರೂ ಏನೂ ಆಗಲ್ಲ ಅಂತ ಯಾರಾದರೂ ಹೇಳಿದ್ದಾರಾ? ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ: ತರಗೆಲೆಗೆ, ಸೌದೆಗೆ ಕಾಡಿಗೆ ಹೋಗದೆ ಬೇರೆ ದಾರಿ ಅವರಿಗಿದೆಯಾ?

1986ರ ನವೆಂಬರ್‌ನಲ್ಲಿ ಕೆನಡಾದ ಒಟ್ಟಾವದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮ್ಮೇಳನ ನಡೆಯಿತು. ಅಲ್ಲಿ ಒಪ್ಪಿದ ಒಟ್ಟಾವ ಚಾರ್ಟರ್ ನಿಮ್ಮ ಸಿಲಬಸ್ಸಿನ ಮೊದಲ ಪಾಠವೇ ಆಗಿರುತ್ತದೆ. ಅದರಲ್ಲಿ ಐದು ಕೆಲಸಗಳಿವೆ: ಆರೋಗ್ಯಕ್ಕೆ ಒದಗುವ ಸರ್ಕಾರಿ ನೀತಿ, ಅದಕ್ಕೆ ಅನುಕೂಲವಾದ ಸುತ್ತಮುತ್ತಲು, ಊರಿನವರೇ ಸೇರಿ ಮಾಡುವ ಕೆಲಸ, ಒಬ್ಬೊಬ್ಬರ ತಿಳಿವಳಿಕೆ ಮತ್ತು ಕೌಶಲ, ಕಾಯಿಲೆ ತಡೆಯುವ ಕಡೆಗೂ ತಿರುಗುವ ಆಸ್ಪತ್ರೆ. ಪರೀಕ್ಷೆಗೆ ಬಾಯಿಪಾಠ ಮಾಡಿದರೆ ಒಂದು ವಾರದಲ್ಲಿ ಮರೆತುಹೋಗುತ್ತದೆ. ಮಂಗನ ಕಾಯಿಲೆಗೆ ಹಚ್ಚಿ ನೋಡಿ, ಉಳಿಯುತ್ತದೆ. ಸೌದೆಯ ಬದಲು ಗ್ಯಾಸ್ ಸಿಗುವ ಹಾಗೆ ಮಾಡುವುದು ನೀತಿ. ಕಾಡಿಗೆ ಹೋಗಲೇಬೇಕಾದ ಅಗತ್ಯ ಕಮ್ಮಿಯಾಗುವುದು ಅನುಕೂಲವಾದ ಸುತ್ತಮುತ್ತಲು. ಸತ್ತ ಮಂಗ ಕಂಡ ತಕ್ಷಣ ಊರಿನವರೇ ಸುದ್ದಿ ಮುಟ್ಟಿಸುವುದು ಊರಿನ ಕೆಲಸ. ಎಣ್ಣೆಯನ್ನು ಸರಿಯಾಗಿ ಹಚ್ಚಿಕೊಳ್ಳಲು ಬರುವುದು ಕೌಶಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ (ಪಿಎಚ್‌ಸಿ) ರಕ್ತದ ಸ್ಯಾಂಪಲ್ ಬೇಗ ತೆಗೆದುಕೊಳ್ಳುವುದು ಐದನೆಯದು.

ಬರೀ ಭಾಷಣ ಮಾಡಿ, ಕರಪತ್ರ ಹಂಚಿ ಬರುವುದು ಈ ಐದರಲ್ಲಿ ಒಂದರ ಒಂದು ಚೂರು ಮಾತ್ರ. ಇದು ಮನಸ್ಸಿಗೆ ಹತ್ತಿದರೆ ಈ ಓದು ನಿಮಗೆ ಹೊಂದುತ್ತದೆ.

ಹೆಜ್ಜೆ 2: ಯಾವ ಡಿಗ್ರಿ, ಯಾವ ಕಾಲೇಜು

ಹೆಲ್ತ್ ಪ್ರಮೋಷನ್ ಅಂತಲೇ ಹೆಸರಿರುವ ಡಿಗ್ರಿ ನಮ್ಮ ಕಡೆ ಸುಲಭಕ್ಕೆ ಸಿಗುವುದಿಲ್ಲ. ಹೊರದೇಶಗಳಲ್ಲಿ ಇದೆ. ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲಿ ಪಬ್ಲಿಕ್ ಹೆಲ್ತ್ ಮತ್ತು ಹೆಲ್ತ್ ಪ್ರಮೋಷನ್ ಸೇರಿಸಿ ಓದುವ 3 ವರ್ಷದ ಡಿಗ್ರಿಯಿದೆ. ಐರ್ಲೆಂಡಿನ ಗಾಲ್ವೇ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ವಿಭಾಗವಿದೆ. ಮನೆಯವರು ಅಲ್ಲೇ ನೆಲೆಸಿದ್ದರೆ ನೋಡಬಹುದು. ಇಲ್ಲಿಂದ ಸಾಲ ಮಾಡಿ ಡಿಗ್ರಿಗೇ ಅಷ್ಟು ದೂರ ಹೋಗಿ ಅಂತ ನಾನು ಹೇಳಲಾರೆ. ಈ ವಿಷಯದಲ್ಲಿ ಕಲಿಯುವುದು ಜನರಿಂದ. ನಿಮಗೆ ಭಾಷೆ ಗೊತ್ತಿರುವ ಜನ ಇಲ್ಲಿದ್ದಾರೆ.

ಇಲ್ಲಿ ಇರುವ ದಾರಿಗಳು ಹೀಗಿವೆ. ಕೆಲವು ವಿಶ್ವವಿದ್ಯಾಲಯಗಳಲ್ಲಿ ಪಬ್ಲಿಕ್ ಹೆಲ್ತ್ ಡಿಗ್ರಿ ಸಿಗುತ್ತದೆ, ಹೆಲ್ತ್ ಪ್ರಮೋಷನ್ ಅದರೊಳಗೆ ಒಂದು ಪೇಪರ್ ಆಗಿ ಬರುತ್ತದೆ. ಪಿಯುಸಿಯಲ್ಲಿ ಆರ್ಟ್ಸ್ ಅಥವಾ ಕಾಮರ್ಸ್ ಓದಿದವರಿಗೆ ಬಿಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಡಿಗ್ರಿ, ಒಳ್ಳೆಯದು. ಅದರಲ್ಲಿ ಫೀಲ್ಡ್ ಕೆಲಸ ಪಠ್ಯದ ಭಾಗವೇ ಆಗಿರುತ್ತದೆ. ಸೈನ್ಸ್ ಓದಿದವರಿಗೆ 4 ವರ್ಷದ ಬಿಎಸ್ಸಿ ನರ್ಸಿಂಗ್ ಇದೆ, ಅದರಲ್ಲಿ ಕಮ್ಯುನಿಟಿ ಹೆಲ್ತ್ ನರ್ಸಿಂಗ್ ದೊಡ್ಡ ವಿಷಯ. ಹೋಮ್ ಸೈನ್ಸ್, ನ್ಯೂಟ್ರಿಷನ್ ಓದಿಯೂ ಈ ಕಡೆ ಬರಬಹುದು. ಸಮಾಜಶಾಸ್ತ್ರ, ಮನಶ್ಶಾಸ್ತ್ರ ಇಟ್ಟುಕೊಂಡು ಬಿಎ ಮಾಡಿ ಬಂದವರೂ ಇದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಡಿಗ್ರಿ ಮುಗಿದ ತಕ್ಷಣ ಮನೆಗೆ ಸಂಬಳ ಬೇಕೇ ಬೇಕು ಅನ್ನುವವರು ನರ್ಸಿಂಗ್ ಮಾಡಿ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅಂತ ತೆಗೆದುಕೊಳ್ಳುವುದು ನರ್ಸಿಂಗ್ ಓದಿದವರನ್ನು. ಎರಡು ವರ್ಷ ಮುಂದೆ ಓದುವ ಅವಕಾಶ ಇರುವವರು ಬಿಎಸ್‌ಡಬ್ಲ್ಯೂ ಅಥವಾ ಪಬ್ಲಿಕ್ ಹೆಲ್ತ್ ಹಿಡಿಯಿರಿ.

ಕಾಲೇಜಿಗೆ ಹೋದಾಗ ಬಿಲ್ಡಿಂಗ್ ನೋಡಿ ಮರುಳಾಗಬೇಡಿ. ಮೊದಲನೆಯದಾಗಿ ಕೇಳಬೇಕಾದದ್ದು: ಒಂದು ಸೆಮಿಸ್ಟರ್‌ನಲ್ಲಿ ಎಷ್ಟು ದಿನ ಫೀಲ್ಡಿಗೆ ಕಳಿಸುತ್ತೀರಿ? ಜೊತೆಗೆ ಮೇಷ್ಟ್ರು ಬರುತ್ತಾರಾ, ಇಲ್ಲ ಸುಮ್ನೆ ಪತ್ರ ಕೊಟ್ಟು ಕಳಿಸಿಬಿಡುತ್ತೀರಾ? ಯಾವ ಊರು, ಯಾವ ಸಂಸ್ಥೆಗಳ ಜೊತೆ ಒಡನಾಟ ಇದೆ? ಇದಕ್ಕೆ ತಡವರಿಸದೆ ಉತ್ತರ ಕೊಡುವ ಕಾಲೇಜು ಒಳ್ಳೆಯ ಕಾಲೇಜು. ಆಮೇಲೆ ಯುಜಿಸಿ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಹೆಸರು ಇದೆಯಾ ನೋಡಿ. ಫೈನಲ್ ಇಯರ್‌ನ ಇಬ್ಬರು ಸೀನಿಯರ್‌ಗಳ ಜೊತೆ ಕ್ಯಾಂಟೀನಲ್ಲಿ ಕೂತು ಮಾತಾಡಿ. ಸ್ಕಾಲರ್‌ಶಿಪ್‌ಗೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ, ಆದಾಯ ಪ್ರಮಾಣಪತ್ರ ಬೇಕಾಗುತ್ತದೆ. ಅವನ್ನು ಅಡ್ಮಿಷನ್‌ಗೆ ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ಮನೆಯಲ್ಲಿ ಅಪ್ಪ ಕೇಳುತ್ತಾರೆ: "ಇದನ್ನ ಓದಿದ್ರೆ ಡಾಕ್ಟರ್ ಆಗ್ತೀಯಾ?" ಆಗಲ್ಲ. ಅದನ್ನು ನೇರವಾಗಿ ಹೇಳಿಬಿಡಿ. ಔಷಧಿ ಬರೆಯುವ ಹಕ್ಕು ನಿಮಗೆ ಬರುವುದಿಲ್ಲ. ಸರ್ಕಾರಿ ಕೆಲಸದ ಆಸೆ ಇದ್ದರೆ ಆ ಹುದ್ದೆಯ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ಯಾವ ಡಿಗ್ರಿ ಕೇಳಿದ್ದಾರೆ ಅಂತ ಸೇರುವ ಮುಂಚೆಯೇ ಓದಿ. ಡಿಗ್ರಿ ಮುಗಿಸಿದ ಮೇಲೆ ಓದಿ ಬೇಜಾರಾಗುವುದು ಬೇಡ.

ಹೆಜ್ಜೆ 3: ಮೊದಲ ವರ್ಷದ ಪಾಠಗಳು

ಎಪಿಡೆಮಿಯಾಲಜಿ (ಕಾಯಿಲೆ ಯಾರಿಗೆ, ಎಲ್ಲಿ, ಯಾಕೆ ಬರುತ್ತದೆ ಅಂತ ನೋಡುವ ಓದು), ಬಯೋಸ್ಟ್ಯಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶದ ಲೆಕ್ಕ) ಅಂದ ಕೂಡಲೇ ಆರ್ಟ್ಸ್ ಹುಡುಗರು ಹೆದರುತ್ತಾರೆ. ಬೇಕಾದ ಗಣಿತ ಹೈಸ್ಕೂಲಿನದ್ದೇ: ಶೇಕಡಾ, ಸರಾಸರಿ, ಅನುಪಾತ. ಕಷ್ಟ ಇರುವುದು ಅಂಕಿಯ ಅರ್ಥ ಹಿಡಿಯುವುದರಲ್ಲಿ. ಒಂದು ಊರಲ್ಲಿ ಈಗ ಸಕ್ಕರೆ ಕಾಯಿಲೆ ಇರುವವರು ಎಷ್ಟು ಅನ್ನುವುದು ಪ್ರಿವೆಲೆನ್ಸ್. ಈ ವರ್ಷ ಹೊಸದಾಗಿ ಬಂದವರು ಎಷ್ಟು ಅನ್ನುವುದು ಇನ್ಸಿಡೆನ್ಸ್. ಒಳ್ಳೆಯ ಚಿಕಿತ್ಸೆ ಸಿಕ್ಕು ಜನ ಹೆಚ್ಚು ವರ್ಷ ಬದುಕಿದರೆ ಮೊದಲನೆಯ ಅಂಕಿ ಏರುತ್ತದೆ. ಅದು ಏರಿದ್ದಕ್ಕೆ ಊರು ಕೆಟ್ಟಿತು ಅಂತ ಬರೆದರೆ ತಪ್ಪು. ಈ ವ್ಯತ್ಯಾಸ ಗೊತ್ತಿಲ್ಲದೆ ಪೇಪರಿನ ಸುದ್ದಿಯನ್ನೂ ಸರಿಯಾಗಿ ಓದಲು ಆಗುವುದಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರದ್ದು. ಜಿಲ್ಲೆಗೊಂದು ಫ್ಯಾಕ್ಟ್‌ಶೀಟ್ ಬಿಟ್ಟಿಯಾಗಿ ಸಿಗುತ್ತದೆ. ನಿಮ್ಮ ಜಿಲ್ಲೆಯದ್ದನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿ. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಆ ಸಮೀಕ್ಷೆ ಹೇಳುತ್ತದೆ. ಪಕ್ಕದ ಜಿಲ್ಲೆಯ ಹಾಳೆ ಜೊತೆಗಿಟ್ಟು ನೋಡಿ. ಯಾಕೆ ವ್ಯತ್ಯಾಸ ಅಂತ ತಲೆ ಕೆರೆದುಕೊಳ್ಳಲು ಶುರು ಮಾಡಿದರೆ ಪಾಠ ಶುರುವಾಯಿತು ಅಂತ ಅರ್ಥ.

ಥಿಯರಿಗಳು ಬೋರು ಅನ್ನುತ್ತಾರೆ. ಅವು ಹುಟ್ಟಿದ ಕಥೆ ಗೊತ್ತಾದರೆ ಬೋರಾಗಲ್ಲ. 1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಎಕ್ಸ್‌ರೇ ಗಾಡಿಗಳನ್ನು ಜನರಿದ್ದ ಜಾಗಕ್ಕೇ ಕಳಿಸುತ್ತಿದ್ದರು. ದುಡ್ಡಿಲ್ಲ, ದೂರ ಇಲ್ಲ, ಆದರೂ ಬಹಳ ಜನ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಹುಡುಕಿದಾಗ ಹುಟ್ಟಿದ್ದೇ ಹೆಲ್ತ್ ಬಿಲೀಫ್ ಮಾಡೆಲ್. ಕಾಯಿಲೆ ನನಗೂ ಬರಬಹುದು, ಬಂದರೆ ಕಷ್ಟ, ಪರೀಕ್ಷೆ ಮಾಡಿಸಿಕೊಂಡರೆ ಲಾಭ, ಅಡ್ಡಿಗಳು ದೊಡ್ಡವಲ್ಲ ಅಂತ ಅನ್ನಿಸಿದಾಗ ಮನುಷ್ಯ ಎದ್ದು ಬರುತ್ತಾನೆ. ನಿಮ್ಮ ಮನೆಯ ಅಜ್ಜ ಬಿಪಿ ಚೆಕ್ ಮಾಡಿಸಿಕೊಳ್ಳಲು ಒಲ್ಲೆ ಅನ್ನುವುದಕ್ಕೂ ಇದೇ ನಾಲ್ಕು ಪ್ರಶ್ನೆ ಹಾಕಿ ನೋಡಿ.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿರುತ್ತದೆ, ಮೊದಲ ಆರು ತಿಂಗಳು ಉಸಿರು ಕಟ್ಟುತ್ತದೆ. ದಿನಾ ಓದಿದ ಒಂದು ವಿಷಯವನ್ನು ಸಂಜೆ ಯಾರಿಗಾದರೂ ಕನ್ನಡದಲ್ಲಿ ವಿವರಿಸಿ, ಅಮ್ಮನಿಗಾದರೂ ಸರಿ, ರೂಮ್‌ಮೇಟ್‌ಗಾದರೂ ಸರಿ. ವಿವರಿಸಲು ಬಂದರೆ ಅರ್ಥ ಆಗಿದೆ. ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಬರೆಯುವ ಗೆಳೆಯರು ಹಳ್ಳಿಯ ಕಟ್ಟೆಯ ಮೇಲೆ ಮಾತು ಸಿಗದೆ ನಿಲ್ಲುವ ದಿನ ನಿಮ್ಮ ಈ ಅಭ್ಯಾಸ ಕೈ ಹಿಡಿಯುತ್ತದೆ.

ಹೆಜ್ಜೆ 4: ಫೀಲ್ಡಿಗೆ ಹೋಗುವುದು

ಮೊದಲು ಕಾಗದ. ಕಾಲೇಜಿನ ಪತ್ರದ ನಾಲ್ಕು ಪ್ರತಿ ಇಟ್ಟುಕೊಳ್ಳಿ. ಒಂದು ಪಿಎಚ್‌ಸಿಯ ವೈದ್ಯಾಧಿಕಾರಿಗೆ, ಒಂದು ಪಂಚಾಯಿತಿ ಪಿಡಿಒಗೆ, ಶಾಲೆಗೆ ಹೋಗುವುದಿದ್ದರೆ ಹೆಡ್‌ಮಾಸ್ಟರಿಗೆ ಒಂದು, ನಿಮ್ಮ ಬ್ಯಾಗಿನಲ್ಲಿ ಒಂದು. ಪತ್ರ ಕೊಟ್ಟು ಸೀಲ್ ಹಾಕಿಸಿಕೊಂಡು ಬನ್ನಿ.

ಆಮೇಲೆ ಆಶಾ ಕಾರ್ಯಕರ್ತೆಯನ್ನು ಹುಡುಕಿ. ಸುಮಾರು ಸಾವಿರ ಜನಕ್ಕೆ ಒಬ್ಬರು ಆಶಾ ಅನ್ನುವುದು ಲೆಕ್ಕ. ಯಾರ ಮನೆಯಲ್ಲಿ ಬಸುರಿ ಇದ್ದಾರೆ, ಯಾರು ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟರು, ಯಾವ ಬೀದಿಗೆ ನೀರು ಬರಲ್ಲ, ಎಲ್ಲ ಅವರಿಗೆ ಗೊತ್ತು. ಅವರು ಗೌರವಧನಕ್ಕೆ ದುಡಿಯುವವರು, ಮೈತುಂಬ ಕೆಲಸ ಇರುತ್ತದೆ. "ಅಕ್ಕಾ, ನಿಮಗೆ ಯಾವಾಗ ಬಿಡುವು?" ಅಂತ ಕೇಳಿ, ಅವರ ಹಿಂದೆ ನಡೆಯಿರಿ. ನಿಮ್ಮ ಸರ್ವೆ ಫಾರಂ ತುಂಬಿಸುವ ಕೆಲಸವನ್ನು ಅವರ ತಲೆಗೆ ಕಟ್ಟಬೇಡಿ. ಅಂಗನವಾಡಿ ಟೀಚರ್, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ (ಮೊದಲು ಎಎನ್‌ಎಂ ಅನ್ನುತ್ತಿದ್ದರು) ಇವರನ್ನೂ ಮೊದಲ ದಿನವೇ ಮಾತಾಡಿಸಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆ ಯಾವಾಗ ಅಂತ ತಿಳಿದುಕೊಂಡು ಮೂಲೆಯಲ್ಲಿ ಕೂತು ಕೇಳಿ.

ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಹತ್ತು ಗಂಟೆಗೆ ಹೋದರೆ ಕೂಲಿಗೆ ಹೋದವರ ಮನೆಗೆ ಬೀಗ. ಮನೆಯಲ್ಲಿ ಸಿಗುವುದು ವಯಸ್ಸಾದವರು ಮತ್ತು ಸಣ್ಣ ಮಕ್ಕಳು. ಅವರನ್ನಷ್ಟೇ ಕೇಳಿ ಊರಿನ ಅಭಿಪ್ರಾಯ ಅಂತ ಬರೆದರೆ ಆ ಅಂಕಿಗೆ ಬೆಲೆಯಿಲ್ಲ. ಸಂಜೆ ಹೋಗಿ. ಸುಗ್ಗಿಯ ಕಾಲದಲ್ಲಿ ಸರ್ವೆ ಇಟ್ಟುಕೊಳ್ಳಬೇಡಿ. ಮುಖ್ಯರಸ್ತೆಯ ಮನೆಗಳಲ್ಲೇ ನಿಲ್ಲದೆ ಊರಾಚೆಯ ಕೇರಿಗೂ ಹೋಗಿ. ಕಾಯಿಲೆ ಜಾಸ್ತಿ ಇರುವುದೂ ಸೌಲಭ್ಯ ಕಮ್ಮಿ ಇರುವುದೂ ಬಹಳ ಸಲ ಅಲ್ಲೇ. ಅಲ್ಲಿ ಕೊಟ್ಟ ನೀರನ್ನು ಕುಡಿಯಿರಿ.

ಪ್ರಶ್ನೆ ಕೇಳುವುದು ಒಂದು ವಿದ್ಯೆ. "ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೀತೀರಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಕಾಲೇಜಿನ ಹುಡುಗಿ ಮನೆ ಬಾಗಿಲಿಗೆ ಬಂದು ಕೇಳಿದಾಗ ಇಲ್ಲ ಅನ್ನುವುದು ಯಾರಿಗೆ ತಾನೇ ಇಷ್ಟ? "ನಿನ್ನೆ ಮಧ್ಯಾಹ್ನ ಹೊಲದಿಂದ ಬಂದ ಮೇಲೆ ಏನೇನು ಮಾಡಿದ್ರಿ ಅಜ್ಜಿ?" ಅಂತ ಕೇಳಿ. ಸೋಪು ಎಲ್ಲಿದೆ ಅಂತ ಕಣ್ಣಲ್ಲೇ ನೋಡಿ. ಬಚ್ಚಲಲ್ಲಿದ್ದು, ಊಟ ಮಾಡುವ ಜಾಗದ ಹತ್ತಿರ ನೀರೇ ಇಲ್ಲದಿದ್ದರೆ ನಿಮಗೆ ಉತ್ತರ ಸಿಕ್ಕಿತು.

ನೀರಿನ ಮಾತು ಬಂದಿದ್ದಕ್ಕೆ ತುಮಕೂರು ಜಿಲ್ಲೆಯ ಪಾವಗಡದಂಥ ಊರುಗಳ ವಿಷಯ ಹೇಳಬೇಕು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಲವು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಂದುತ್ತದೆ, ಅಂಶ ಇನ್ನೂ ಜಾಸ್ತಿ ಇದ್ದರೆ ಮೂಳೆ ಬಿಗಿಯುತ್ತದೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅಂಥ ಊರಲ್ಲಿ ನಿಂತು "ಶುದ್ಧ ನೀರು ಕುಡಿಯಿರಿ" ಅಂತ ಬೀದಿನಾಟಕ ಮಾಡಿ ಬಂದರೆ ಆ ಜನಕ್ಕೆ ಅವಮಾನ ಮಾಡಿದ ಹಾಗೆ. ಶುದ್ಧ ನೀರಿನ ಘಟಕ ನಡೆಯುತ್ತಿದೆಯಾ, ಕೆಟ್ಟಿದ್ದರೆ ಎಷ್ಟು ದಿನದಿಂದ, ರಿಪೇರಿ ಯಾರ ಜವಾಬ್ದಾರಿ, ನಡೆದು ಹೋಗಿ ನೀರು ಹೊರಲಾಗದವರ ಗತಿ ಏನು, ಇದನ್ನು ಬರೆದುಕೊಂಡು ಪಂಚಾಯಿತಿಗೆ ಕೊಡಿ.

ಕೆಲವನ್ನು ಮಾಡಲೇಬಾರದು. ಕೇಳದೆ ಫೋಟೋ ತೆಗೆಯಬೇಡಿ. ಒಂದು ಮನೆಯ ವಿಷಯ ಇನ್ನೊಂದು ಮನೆಯಲ್ಲಿ ಆಡಬೇಡಿ. ನಿಮ್ಮ ಕೈಲಾಗದ್ದನ್ನು ಮಾಡಿಸಿಕೊಡುತ್ತೇವೆ ಅಂತ ಮಾತು ಕೊಡಬೇಡಿ. ಯಾರಾದರೂ ಕಾಯಿಲೆ ಹೇಳಿಕೊಂಡರೆ ಮಾತ್ರೆ ಸೂಚಿಸಬೇಡಿ, ಪಿಎಚ್‌ಸಿಗೆ ದಾರಿ ತೋರಿಸಿ. ಆರೋಗ್ಯ ಸಲಹೆಗೆ 104, ತುರ್ತಿಗೆ 108, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416, ಈ ಮೂರು ನಂಬರ್ ಬಾಯಲ್ಲೇ ಇರಲಿ.

ಹೆಜ್ಜೆ 5: ಒಂದು ಸಣ್ಣ ಪ್ರಾಜೆಕ್ಟ್, ಸರಿಯಾಗಿ

ಫೈನಲ್ ಇಯರ್‌ನಲ್ಲಿ ಹುಡುಗರು "ರಕ್ತಹೀನತೆ ನಿವಾರಣೆ" ಅಂತ ಟಾಪಿಕ್ ತರುತ್ತಾರೆ. ಅದು ಸರ್ಕಾರದ ಟಾಪಿಕ್. ನಿಮ್ಮದನ್ನು ಚಿಕ್ಕದು ಮಾಡಿ. ಹದಿಹರೆಯದವರಿಗೆ ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುವ ಕಾರ್ಯಕ್ರಮ ಇದೆ. ಒಂದು ವಸತಿ ಶಾಲೆಯ ಒಂಬತ್ತನೇ ಕ್ಲಾಸಿನ ಹುಡುಗಿಯರಲ್ಲಿ ಈ ಮಾತ್ರೆ ನುಂಗದವರು ಎಷ್ಟು, ಯಾಕೆ? ಇಷ್ಟು ಸಾಕು.

ಮೊದಲ ವಾರ ರಿಜಿಸ್ಟರ್ ನೋಡಿ. ರಿಜಿಸ್ಟರಿನಲ್ಲಿ ಎಲ್ಲರಿಗೂ ಟಿಕ್ ಬಿದ್ದಿರಬಹುದು, ಮಾತ್ರೆ ಕಿಟಕಿಯಾಚೆ ಬಿದ್ದಿರಬಹುದು. ಹುಡುಗಿಯರನ್ನು ನಾಲ್ಕೈದು ಜನರ ಗುಂಪಾಗಿ, ಟೀಚರ್ ಇಲ್ಲದ ಜಾಗದಲ್ಲಿ ಮಾತಾಡಿಸಿ. ಮಕ್ಕಳಾದ್ದರಿಂದ ಅಪ್ಪ ಅಮ್ಮನ ಮತ್ತು ಶಾಲೆಯ ಒಪ್ಪಿಗೆ ಬೇಕು, ಆ ಹುಡುಗಿಯ ಒಪ್ಪಿಗೆಯೂ ಬೇಕು. ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂತಾ? ಮಲ ಕಪ್ಪಗಾಗಿದ್ದಕ್ಕೆ ಹೆದರಿದರಾ? ಅದು ಕಬ್ಬಿಣಾಂಶದಿಂದ ಆಗುವುದೇ, ಹೆದರಬೇಕಾಗಿಲ್ಲ ಅಂತ ಯಾರೂ ಹೇಳಿರಲಿಲ್ಲವಾ? ಮಾತ್ರೆಯ ಸ್ಟಾಕೇ ಬಂದಿಲ್ಲವಾ?

ಕಾರಣ ಯಾವುದೋ ಅದಕ್ಕೆ ತಕ್ಕ ಬದಲಾವಣೆ. ವಾಕರಿಕೆ ಕಾರಣವಾದರೆ ಪೋಸ್ಟರ್ ಅಂಟಿಸಿ ಪ್ರಯೋಜನ ಇಲ್ಲ. ವಾರ್ಡನ್ ಮತ್ತು ಅಡುಗೆಯವರ ಜೊತೆ ಕೂತು ಮಾತ್ರೆಯನ್ನು ಮಧ್ಯಾಹ್ನದ ಊಟ ಆದ ಮೇಲೆ, ನಿಗದಿಯಾದ ಒಂದು ದಿನ ಕೊಡುವ ಹಾಗೆ ಮಾಡಿ. ಅವತ್ತು ಸಾರಿಗೆ ನಿಂಬೆಹಣ್ಣು ಹಿಂಡಲಿ, ಊಟದ ಹಿಂದೆಯೇ ಟೀ ಬೇಡ. ಕಬ್ಬಿಣಾಂಶ ಮೈಗೆ ಹತ್ತಲು ನಿಂಬೆ ನೆರವಾಗುತ್ತದೆ, ಟೀ ಅಡ್ಡ ಬರುತ್ತದೆ. ಸ್ಟಾಕ್ ಬಾರದ್ದು ಕಾರಣವಾದರೆ ನಿಮ್ಮ ಪ್ರಾಜೆಕ್ಟಿನ ಅರ್ಧ ಭಾಗ ಪಿಎಚ್‌ಸಿಗೂ ಶಾಲೆಗೂ ಓಡಾಡುವುದೇ ಆಗುತ್ತದೆ. ಅದೂ ಹೆಲ್ತ್ ಪ್ರಮೋಷನ್ನೇ.

ಆರು ವಾರ ಬಿಟ್ಟು ಮತ್ತೆ ಎಣಿಸಿ. ಸೂಜಿ ಚುಚ್ಚಿ ಹಿಮೋಗ್ಲೋಬಿನ್ ನೋಡುವ ಆಸೆ ಬೇಡ. ಅದಕ್ಕೆ ತರಬೇತಿ ಪಡೆದವರು, ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಆರು ವಾರದಲ್ಲಿ ದೊಡ್ಡ ಬದಲಾವಣೆ ಕಾಣುತ್ತದೆ ಅಂತಲೂ ಇಲ್ಲ. ಎಷ್ಟು ಮಂದಿ ನುಂಗಿದರು ಅನ್ನುವುದೇ ನಿಮ್ಮ ಅಳತೆ. ಹೆಚ್ಚಾಗದಿದ್ದರೆ ಹೆಚ್ಚಾಗಲಿಲ್ಲ ಅಂತಲೇ ಬರೆಯಿರಿ. ಯಾಕೆ ಆಗಲಿಲ್ಲ ಅನ್ನುವ ಎರಡು ಪುಟ ಇಡೀ ರಿಪೋರ್ಟಿನಲ್ಲಿ ಒಳ್ಳೆಯ ಭಾಗವಾಗಬಹುದು.

ಹಾಸ್ಟೆಲ್ ರೂಮಿನಲ್ಲಿ ಕೂತು ಸರ್ವೆ ಫಾರಂ ತಾವೇ ತುಂಬುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಮಾಡಬೇಡಿ. ನೂರು ಸುಳ್ಳು ಫಾರಂಗಿಂತ ಹದಿನೈದು ನಿಜವಾದ ಫಾರಂ ತಗೊಂಡು ಹೋಗಿ ಗೈಡ್ ಮುಂದೆ ಇಡಿ. ಬೈದರೆ ಬೈಸಿಕೊಳ್ಳಿ. ಈ ಓದಿನಲ್ಲಿ ಅಂಕಿಯ ಹಿಂದೆ ಒಬ್ಬೊಬ್ಬ ಮನುಷ್ಯರು ಇರುತ್ತಾರೆ.

ಹೆಜ್ಜೆ 6: ಡಿಗ್ರಿ ಮುಗಿಯುವ ಮುಂಚೆ

ರಜೆಯಲ್ಲಿ ಸುಮ್ನೆ ಕೂರಬೇಡಿ. ಸಮುದಾಯ ಆರೋಗ್ಯದಲ್ಲಿ ದಶಕಗಳಿಂದ ಕೆಲಸ ಮಾಡುತ್ತಿರುವ ಸಂಸ್ಥೆಗಳು ನಮ್ಮಲ್ಲೇ ಇವೆ: ಬಿಳಿಗಿರಿರಂಗನಬೆಟ್ಟದ ಕಡೆಯಿಂದ ಬೆಳೆದ ಕರುಣಾ ಟ್ರಸ್ಟ್, ಹೆಗ್ಗಡದೇವನಕೋಟೆಯ ಕಡೆ ಕೆಲಸ ಶುರು ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಬೆಂಗಳೂರಿನ ಸೋಚಾರಾ ಮತ್ತು ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್. ಒಂದು ಪುಟದ ಪತ್ರ ಬರೆದು, ನಾನು ಇಂಥ ಊರಿನ ಭಾಷೆ ಬಲ್ಲೆ, ಇಂಥ ಕೆಲಸ ಮಾಡಬಲ್ಲೆ ಅಂತ ಕೇಳಿ. ತಾಲ್ಲೂಕಿನ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಯನ್ನು ಒಂದು ಸಲ ಭೇಟಿ ಮಾಡಿ. ಸರ್ಕಾರದಲ್ಲಿ ಈ ಓದಿಗೆ ತೀರಾ ಹತ್ತಿರದ ಹುದ್ದೆ ಅದು. ತಂಬಾಕು ವಿಷಯ ಇಷ್ಟವಾದರೆ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಹೋಗಿ. 2003ರ ಕೋಟ್ಪಾ ಕಾಯ್ದೆ ಪ್ರಕಾರ ಶಾಲೆ ಕಾಲೇಜಿನಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. ನಿಮ್ಮ ಕಾಲೇಜಿನ ಸುತ್ತ ಒಂದು ಸುತ್ತು ಹಾಕಿ, ಎಷ್ಟು ಅಂಗಡಿ ಇವೆ ಅಂತ ನಕ್ಷೆ ಮಾಡಿಕೊಂಡು ಹೋದರೆ ಮಾತಿಗೆ ಬರೀ ಕೈಯಲ್ಲಿ ಹೋದ ಹಾಗಾಗುವುದಿಲ್ಲ.

ಮುಂದಿನ ಓದಿಗೆ ಎಂಪಿಎಚ್ (ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್), 2 ವರ್ಷ. ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ಮೈಸೂರಿನ ಜೆಎಸ್‌ಎಸ್‌ನಲ್ಲಿ ಇದೆ. ಯಾವ ಡಿಗ್ರಿಯವರನ್ನು ತೆಗೆದುಕೊಳ್ಳುತ್ತಾರೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ, ಆಯಾ ವರ್ಷದ ಪ್ರಾಸ್ಪೆಕ್ಟಸ್ ನೋಡಿ. ಹೆಲ್ತ್ ಪ್ರಮೋಷನ್ನಿನಲ್ಲೇ ಡಿಪ್ಲೊಮಾ ಬೇಕು ಅನ್ನುವವರಿಗೆ ತಮಿಳುನಾಡಿನ ಗಾಂಧಿಗ್ರಾಮ, ಕೋಲ್ಕತ್ತದ ಆಲ್ ಇಂಡಿಯಾ ಇನ್‌ಸ್ಟಿಟ್ಯೂಟ್ ಆಫ್ ಹೈಜೀನ್ ಅಂಡ್ ಪಬ್ಲಿಕ್ ಹೆಲ್ತ್ ಹಳೆಯ ಹೆಸರುಗಳು. 2024ರಿಂದ ಕರ್ನಾಟಕದಲ್ಲಿ ಬಿಎಯಂಥ ಸಾಮಾನ್ಯ ಡಿಗ್ರಿ ಮತ್ತೆ 3 ವರ್ಷಕ್ಕೆ ಬಂದಿದೆ. ಹೊರದೇಶದಲ್ಲಿ ಮಾಸ್ಟರ್ಸ್ ಮಾಡುವ ಯೋಚನೆ ಇದ್ದರೆ, ಆ ವಿಶ್ವವಿದ್ಯಾಲಯ 3 ವರ್ಷದ ಡಿಗ್ರಿಯನ್ನು ಒಪ್ಪುತ್ತದಾ ಅಂತ ಎರಡನೇ ವರ್ಷದಲ್ಲೇ ಮೇಲ್ ಬರೆದು ಕೇಳಿಕೊಳ್ಳಿ.

ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟಿನ ಫೈಲ್ ಜೊತೆ ನಿಮ್ಮ ಫೀಲ್ಡ್ ಡೈರಿಯನ್ನೂ ಇಟ್ಟುಕೊಂಡು ಹೋಗಿ. ಫೀಲ್ಡಿಗೆ ಹೋದ ದಿನ ರಾತ್ರಿ ಮಲಗುವ ಮುಂಚೆ ಬರೆದದ್ದಾಗಿರಲಿ: ಯಾರನ್ನು ಕಂಡೆ, ಏನು ಕೇಳಿದೆ, ಅವರು ಏನಂದರು, ಯಾವುದು ಅರ್ಥ ಆಗಲಿಲ್ಲ. ಜನರ ಹೆಸರು ಮಾತ್ರ ಬರೆಯಬೇಡಿ.